ಭತ್ತಕ್ಕೆ ಜೀವಾಣು ಗೊಬ್ಬರ: ಪೊಟ್ಟಣ ಕೊಳ್ಳುವುದರಿಂದ ಹಿಡಿದು ಯೂರಿಯಾ ಕಡಿತದವರೆಗೆ

"ಅಜೋಸ್ಪಿರಿಲಂ ಹಾಕಿದ್ವಿ, ಪಿ.ಎಸ್.ಬಿ. ಹಾಕಿದ್ವಿ, ಏನೂ ಫರಕ್ ಕಾಣಲಿಲ್ರೀ." ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ, ಹುಣಸಗಿ ಕಡೆಯ ಭತ್ತದ ರೈತರು ಈ ಎರಡು ಜೀವಾಣು ಗೊಬ್ಬರಗಳ ಬಗ್ಗೆ ಮತ್ತೆ ಮತ್ತೆ ಹೇಳುವ ಮಾತಿದು. ಇದರ ಹಿಂದೆಯೇ ಇನ್ನೆರಡು ಪ್ರಶ್ನೆ ಬರುತ್ತವೆ. ಎಷ್ಟು ಹಾಕಬೇಕು? ಯಾವಾಗ ಹಾಕಬೇಕು?

ಫರಕ್ ಕಾಣದಿರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಪೊಟ್ಟಣದೊಳಗಿನ ಜೀವಾಣು ಹೊಲ ಮುಟ್ಟುವ ಮೊದಲೇ ಸತ್ತಿರುತ್ತದೆ. ಎರಡು, ಜೀವಾಣು ಬದುಕಿದ್ದರೂ ನಾವು ಯೂರಿಯಾ ಒಂದು ಹಿಡಿಯೂ ಕಡಿಮೆ ಮಾಡಿರುವುದಿಲ್ಲ. ಹಾಗಾಗಿ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಈ ಲೇಖನ ಪೂರ್ತಿ ಈ ಎರಡು ತಪ್ಪನ್ನು ತಪ್ಪಿಸುವ ಬಗ್ಗೆಯೇ ಇದೆ. ಲೆಕ್ಕವೆಲ್ಲ ಒಂದು ಎಕರೆ ನಾಟಿ ಭತ್ತಕ್ಕೆ ಕೊಟ್ಟಿದ್ದೇನೆ. ಕೂರಿಗೆಯಲ್ಲಿ ಬಿತ್ತುವವರಿಗೆ ಕೊನೆಯಲ್ಲಿ ಬೇರೆ ಮಾತು ಇದೆ.

ಮೊದಲು, ಯಾವುದು ಏನು ಮಾಡುತ್ತದೆ

ಜೀವಾಣು ಗೊಬ್ಬರ ಅಂದರೆ ಬದುಕಿರುವ ಸೂಕ್ಷ್ಮಜೀವಿಗಳು. ಅದರಲ್ಲಿ ಯೂರಿಯಾದ ಹಾಗೆ ಪೋಷಕಾಂಶ ತುಂಬಿರುವುದಿಲ್ಲ. ಹಾಲಿಗೆ ಹಾಕುವ ಹೆಪ್ಪು ಇದ್ದ ಹಾಗೆ: ಹಾಕುವುದು ಚೂರೇ, ಆಮೇಲೆ ಅದೇ ಬೆಳೆಯಬೇಕು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ ಅಲ್ವಾ? ಇಲ್ಲಿಯೂ ಅಷ್ಟೇ.

ಅಜೋಸ್ಪಿರಿಲಂ ಭತ್ತದ ಬೇರಿನ ಮೇಲೆ ಮತ್ತು ಬೇರಿನೊಳಗೆ ಬದುಕುವ ಬ್ಯಾಕ್ಟೀರಿಯಾ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಅಜೋಸ್ಪಿರಿಲಂ ಆ ಸಾರಜನಕವನ್ನು ಹಿಡಿದು ಗಿಡಕ್ಕೆ ಸಿಗುವ ರೂಪಕ್ಕೆ ತರುತ್ತದೆ. ಜೊತೆಗೆ ಬೇರು ಜಾಸ್ತಿ ಕವಲೊಡೆಯುವಂತೆ ಮಾಡುವ ಪದಾರ್ಥಗಳನ್ನೂ ಬಿಡುತ್ತದೆ. ಇದಕ್ಕೆ ಆಮ್ಲಜನಕ ಸ್ವಲ್ಪ ಬೇಕು, ಜಾಸ್ತಿ ಬೇಡ. ಭತ್ತದ ಗಿಡ ತನ್ನ ಕಾಂಡದೊಳಗಿನ ಟೊಳ್ಳಿನಿಂದ ಬೇರಿಗೆ ಗಾಳಿ ಇಳಿಸುತ್ತದೆ. ಅದರಿಂದ ನೀರು ನಿಂತ ಗದ್ದೆಯಲ್ಲೂ ಬೇರಿನ ಸುತ್ತ ಇದಕ್ಕೆ ಒಪ್ಪುವ ಜಾಗ ಸಿಗುತ್ತದೆ.

ಅಜಟೋಬ್ಯಾಕ್ಟರ್ ಕೂಡ ಸಾರಜನಕ ಹಿಡಿಯುತ್ತದೆ. ಆದರೆ ಅದಕ್ಕೆ ಗಾಳಿಯಾಡುವ ಮಣ್ಣು ಬೇಕು. ಸದಾ ನೀರು ನಿಲ್ಲುವ ಗದ್ದೆಗೆ ಅಜೋಸ್ಪಿರಿಲಂ ಕೇಳಿ. "ಎರಡೂ ಒಂದೇ, ತಗೊಳ್ಳಿ" ಎಂದು ಅಂಗಡಿಯಲ್ಲಿ ಅಜಟೋಬ್ಯಾಕ್ಟರ್ ಕೊಟ್ಟರೆ ಒಪ್ಪಬೇಡಿ.

ಪಿ.ಎಸ್.ಬಿ. ಎಂದರೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ. ನಮ್ಮ ಎರೆ ಭೂಮಿಗೆ ಇದು ತುಂಬಾ ಮುಖ್ಯ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ನೀವು ಹಾಕಿದ ಡಿ.ಎ.ಪಿ. ರಸಗೊಬ್ಬರದಲ್ಲಿನ ರಂಜಕದ ದೊಡ್ಡ ಪಾಲು ಆ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ವರ್ಷಗಟ್ಟಲೆ ಡಿ.ಎ.ಪಿ. ಹಾಕಿದ ಹೊಲದಲ್ಲಿ ಹೀಗೆ ಕೂತ ರಂಜಕ ಸಾಕಷ್ಟಿರುತ್ತದೆ. ಪಿ.ಎಸ್.ಬಿ. ಸಾವಯವ ಆಮ್ಲಗಳನ್ನು ಬಿಟ್ಟು ಅದರಲ್ಲಿ ಒಂದಷ್ಟನ್ನು ಬಿಡಿಸಿಕೊಡುತ್ತದೆ.

ಸ್ಯೂಡೊಮೊನಾಸ್ ಫ್ಲೂರೊಸೆನ್ಸ್ ನಿಜವಾಗಿ ಗೊಬ್ಬರವಲ್ಲ, ರೋಗ ತಡೆಯುವ ಜೀವಾಣು. ಬೆಂಕಿ ರೋಗಕ್ಕೆ ಮುಂಜಾಗ್ರತೆಯಾಗಿ ಬೀಜಕ್ಕೆ ಹಚ್ಚುತ್ತಾರೆ. ನೀಲಿ ಹಸಿರು ಪಾಚಿ ಮತ್ತು ಅಜೋಲ್ಲಾದ ವಿಷಯ ಮುಂದೆ 6ನೇ ಹಂತದಲ್ಲಿ ಬರುತ್ತದೆ.

ಅಂಗಡಿಯಲ್ಲಿ "ಜೈವಿಕ" ಎಂದು ದೊಡ್ಡದಾಗಿ ಬರೆದ ಬಾಟಲಿಗಳು ಬೇಕಾದಷ್ಟಿವೆ. ಬ್ಯಾಕ್ಟೀರಿಯಾದ ಹೆಸರೇ ಬರೆಯದ ಬಾಟಲಿಯನ್ನು ಜೀವಾಣು ಗೊಬ್ಬರ ಎಂದು ಕೊಳ್ಳಬೇಡಿ.

ಒಂದು ಎಕರೆಗೆ ಬೇಕಾದದ್ದು

ಅಜೋಸ್ಪಿರಿಲಂ ಮೂರೂವರೆ ಕೆ.ಜಿ., ಪಿ.ಎಸ್.ಬಿ. ಮೂರೂವರೆ ಕೆ.ಜಿ. ಇದರಲ್ಲಿ ಬೀಜಕ್ಕೆ ಅರ್ಧ, ಬೇರಿಗೆ ಒಂದು, ಹೊಲಕ್ಕೆ ಎರಡು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 100 ಕೆ.ಜಿ. ಒಂದು ಉಂಡೆ ಬೆಲ್ಲ, ಒಂದು ತಾಡಪತ್ರಿ, ಗೋಣಿಚೀಲ, ನೆರಳು. ದ್ರವ ರೂಪದ್ದನ್ನು ಕೊಂಡರೆ ಅಳತೆ ತುಂಬಾ ಕಡಿಮೆ, ಬಾಟಲಿಯ ಮೇಲೆ ಬರೆದಷ್ಟೇ ಹಾಕಿ.

ಇವೆಲ್ಲಕ್ಕಿಂತ ಮೊದಲು ಮಣ್ಣು ಪರೀಕ್ಷೆಯ ಚೀಟಿ ಇರಲಿ. ಅದಿಲ್ಲದೆ ಯೂರಿಯಾ ಎಷ್ಟು ಕಡಿಮೆ ಮಾಡಬೇಕು ಎಂದು ಸುಮ್ನೆ ಅಂದಾಜಿನಲ್ಲಿ ಹೇಳಿದ ಹಾಗಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಮಣ್ಣು ಎಲ್ಲಿ ಕೊಡಬೇಕು ಎಂದು ಹೇಳುತ್ತಾರೆ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗಲೇ ಮಣ್ಣು ತೆಗೆದುಬಿಡಿ. ಜೂನ್ ಬಂದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಹಂತ 1: ಪೊಟ್ಟಣ ನೋಡಿ ಕೊಳ್ಳಿ

ಜೀವಾಣು ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದಿದ್ದಾರೆ. ಹಾಗಾಗಿ ಪೊಟ್ಟಣದ ಮೇಲೆ ಕೆಲವು ವಿವರ ಇರಲೇಬೇಕು: ಬ್ಯಾಕ್ಟೀರಿಯಾದ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ, ಬ್ಯಾಚ್ ಸಂಖ್ಯೆ ಮತ್ತು ಸಿ.ಎಫ್.ಯು. ಎಣಿಕೆ. ಸಿ.ಎಫ್.ಯು. ಎಂದರೆ ಬದುಕಿರುವ ಜೀವಾಣುಗಳ ಲೆಕ್ಕ. ಪುಡಿ ರೂಪದ್ದರಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಇರಬೇಕು.

ನನ್ನ ಸಲಹೆ ಇಷ್ಟೇ: ತಯಾರಾಗಿ ಎರಡು ಮೂರು ತಿಂಗಳೊಳಗಿನ ಪೊಟ್ಟಣ ಹುಡುಕಿ. ಅವಧಿ ಮುಗಿಯಲು ಇನ್ನೂ ಸಮಯ ಇದೆ ಎಂದರೂ, ನಮ್ಮ ಬೇಸಿಗೆಯಲ್ಲಿ ತಗಡಿನ ಸೂರಿನ ಗೋದಾಮಿನಲ್ಲಿ ಕೂತ ಪೊಟ್ಟಣದಲ್ಲಿ ಎಷ್ಟು ಜೀವ ಉಳಿದಿರುತ್ತದೆ, ಯೋಚಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ, ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಪೊಟ್ಟಣ ಒತ್ತಿ ನೋಡಿ. ಒಳಗಿನ ಪುಡಿ ಸ್ವಲ್ಪ ತೇವವಾಗಿ ಮೆತ್ತಗಿರಬೇಕು. ಒಣಗಿ ಧೂಳಿನ ಹಾಗಿದ್ದರೆ ಬಿಡಿ. ಕೊಳೆತ ವಾಸನೆ, ಹಸಿರು ಬೂಷ್ಟು, ಉಬ್ಬಿದ ಬಾಟಲಿ ಕಂಡರೂ ಬೇಡ.

ಮೊದಲು ವಿಚಾರಿಸಬೇಕಾದ ಜಾಗಗಳು: ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ಸುರಪುರ ಹತ್ತಿರದ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿ ಕೃಷಿ ಕಾಲೇಜು. ಕಲಬುರಗಿ, ಬೀದರಿನವರಿಗೆ ಅಲ್ಲಿಯದೇ ಕೃಷಿ ವಿಜ್ಞಾನ ಕೇಂದ್ರಗಳಿವೆ. ರೈತ ಸಂಪರ್ಕ ಕೇಂದ್ರ ಬಿಟ್ಟರೆ ಉಳಿದವೆಲ್ಲ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಫೋನ್ ಮಾಡಿ ದಾಸ್ತಾನು ಕೇಳಿಕೊಂಡೇ ಹೋಗಿ.

ಹಂತ 2: ತಂದಮೇಲೆ ಕಾಪಾಡಿ

ಬೈಕಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನ ತರಬೇಡಿ. ಒದ್ದೆ ಬಟ್ಟೆ ಸುತ್ತಿ ಬೆಳಗ್ಗೆಯೋ ಸಂಜೆಯೋ ತನ್ನಿ. ಮನೆಯಲ್ಲಿ ನೀರಿನ ಮಡಕೆ ಇಡುವ ಮೂಲೆ ಒಳ್ಳೆಯ ಜಾಗ. ಯೂರಿಯಾ ಚೀಲ, ಕೀಟನಾಶಕದ ಡಬ್ಬಿ ಇರುವ ಕೋಣೆಯಲ್ಲಿ ಇಡಬೇಡಿ. ಒಡೆದ ಪೊಟ್ಟಣವನ್ನು ಅಂದೇ ಮುಗಿಸಿ.

ಹಂತ 3: ಬೀಜಕ್ಕೆ ಹಚ್ಚುವುದು

ಒಂದು ಎಕರೆಗೆ 25 ಕೆ.ಜಿ. ಬೀಜ ಎಂದು ಇಟ್ಟುಕೊಳ್ಳೋಣ. ತಳಿ ಆರ್.ಎನ್.ಆರ್. ಆಗಲಿ, ಬಿ.ಪಿ.ಟಿ. ಸೋನಾ ಆಗಲಿ, ಕ್ರಮ ಒಂದೇ.

ಉಪ್ಪುನೀರಿನಲ್ಲಿ ಹಾಕಿ ತೇಲಿದ ಜೊಳ್ಳು ತೆಗೆಯುವ ಅಭ್ಯಾಸ ಇದ್ದರೆ ತುಂಬಾ ಒಳ್ಳೆಯದು. ಆದರೆ ಆಮೇಲೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಿರಿ. ಬೀಜಕ್ಕೆ ಅಂಟಿದ ಉಪ್ಪು ಜೀವಾಣುವನ್ನು ಕೊಲ್ಲುತ್ತದೆ. ನಂತರ ಎಂದಿನಂತೆ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರಿಸಿ.

ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಇಲ್ಲಿ ಅವಸರ ಬೇಡ. ಉಗುರುಬೆಚ್ಚಗಿದ್ದರೂ ಕಾಯಿರಿ. ಅದಕ್ಕೆ ಅರ್ಧ ಕೆ.ಜಿ. ಅಜೋಸ್ಪಿರಿಲಂ, ಅರ್ಧ ಕೆ.ಜಿ. ಪಿ.ಎಸ್.ಬಿ. ಕಲಸಿ ಗಂಜಿಯ ಹದಕ್ಕೆ ತನ್ನಿ. ಗಟ್ಟಿ ಎನಿಸಿದರೆ ಇನ್ನಷ್ಟು ತಣ್ಣೀರು ಸೇರಿಸಿ. ಮೊಳಕೆ ಬಂದ ಬೀಜವನ್ನು ನೆರಳಿನಲ್ಲಿ ತಾಡಪತ್ರಿಯ ಮೇಲೆ ಹರಡಿ, ಮೊಳಕೆ ಮುರಿಯದಂತೆ ಕೈಯಿಂದ ಮೆಲ್ಲಗೆ ಬೆರೆಸಿ. ಅರ್ಧ ಗಂಟೆ ಬಿಟ್ಟು ಸಸಿಮಡಿಗೆ ಚೆಲ್ಲಿ. ಸಂಜೆ ಚೆಲ್ಲಿದರೆ ಇನ್ನೂ ಒಳ್ಳೆಯದು.

ಇಲ್ಲೊಂದು ದೊಡ್ಡ ಎಚ್ಚರಿಕೆ. ಬೀಜಕ್ಕೆ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಹಚ್ಚಿದ್ದರೆ, ಅಥವಾ ಕಂಪನಿಯಿಂದಲೇ ಬಣ್ಣ ಹಚ್ಚಿದ ಬೀಜ ಬಂದಿದ್ದರೆ, ಈ ಹಂತ ಬಿಟ್ಟುಬಿಡಿ. ಮುಂದಿನ ಬೇರು ಅದ್ದುವ ಹಂತಕ್ಕೆ ಹೋಗಿ. ಔಷಧ ಹಚ್ಚದ ಬೀಜವಾದರೆ ಮೊದಲು ಕೆ.ಜಿ.ಗೆ 10 ಗ್ರಾಂ ಲೆಕ್ಕದಲ್ಲಿ ಸ್ಯೂಡೊಮೊನಾಸ್ ಪುಡಿಯನ್ನು ನೆನೆಸುವ ನೀರಿಗೇ ಹಾಕಬಹುದು. ಅದು ಉಳಿದ ಎರಡರ ಜೊತೆ ಹೊಂದಿಕೊಳ್ಳುತ್ತದೆ.

ಹಂತ 4: ನಾಟಿಗೆ ಮುಂಚೆ ಬೇರು ಅದ್ದುವುದು

ಎಲ್ಲ ಹಂತಗಳಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದರೆ ಇದನ್ನು ಮಾಡಿ. ಖರ್ಚು ಕಡಿಮೆ. ಜೀವಾಣು ಎಲ್ಲಿ ಬೇಕೋ ಅಲ್ಲೇ, ಬೇರಿನ ಮೇಲೆಯೇ ಕೂರುತ್ತದೆ.

ಸಸಿಮಡಿಯ ಪಕ್ಕದಲ್ಲಿ, ಸಾಧ್ಯವಾದರೆ ಬೇವಿನ ನೆರಳಿನಲ್ಲಿ, ಮಂಚದಷ್ಟು ಅಗಲದ ಜಾಗಕ್ಕೆ ಗೇಣುದ್ದ ಒಡ್ಡು ಕಟ್ಟಿ ತಾಡಪತ್ರಿ ಹಾಸಿ. 40 ಲೀಟರ್ ನೀರಿಗೆ ಒಂದು ಕೆ.ಜಿ. ಅಜೋಸ್ಪಿರಿಲಂ, ಒಂದು ಕೆ.ಜಿ. ಪಿ.ಎಸ್.ಬಿ. ಹಾಕಿ ಕಲಕಿ. ಕಾಲುವೆ ನೀರು, ಬಾವಿ ನೀರು ಆಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರು ಬೇಡ. ಕಿತ್ತ ಸಸಿಯ ಬೇರಿಗೆ ಹತ್ತಿದ ಕೆಸರು ತೊಳೆದು, ಕಟ್ಟುಗಳನ್ನು ಬೇರು ಮುಳುಗುವಂತೆ ನಿಲ್ಲಿಸಿ. ಕನಿಷ್ಠ 20ರಿಂದ 30 ನಿಮಿಷ ಇರಲಿ.

ಹೇಳುವುದು ಸುಲಭ, ಮಾಡುವಾಗ ತೊಡಕು ಬರುತ್ತದೆ. ಈಗ ನಾಟಿ ಬಹುತೇಕ ಗುತ್ತಿಗೆ. ತಂಡದವರು ಬೆಳಗ್ಗೆ ಬಂದು ಸಸಿ ಕಿತ್ತು ಅಲ್ಲೇ ನೆಡುತ್ತ ಹೋಗುತ್ತಾರೆ. ಅವರಿಗೆ ಎಕರೆ ಲೆಕ್ಕದಲ್ಲಿ ಕೂಲಿ, ನಿಮ್ಮ ಅರ್ಧ ಗಂಟೆಗೆ ಕಾಯುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಇದಕ್ಕೆ ಒಂದು ದಾರಿ ಇದೆ. ಹಿಂದಿನ ದಿನ ಸಂಜೆಯೇ ಸಸಿ ಕೀಳಿಸಿ, ರಾತ್ರಿಯಿಡೀ ಇದೇ ನೀರಿನಲ್ಲಿ ಬೇರು ಮುಳುಗಿಸಿಡಿ. ಭತ್ತದ ಸಸಿಯನ್ನು 8ರಿಂದ 10 ಗಂಟೆ ಹೀಗೆ ಇಟ್ಟರೂ ತೊಂದರೆಯಿಲ್ಲ, ಬೇರಿಗೆ ಜೀವಾಣು ಇನ್ನೂ ಚೆನ್ನಾಗಿ ಹತ್ತುತ್ತದೆ. ಬೆಳಗ್ಗೆ ತಂಡ ಬಂದಾಗ ಕಟ್ಟುಗಳು ಸಿದ್ಧವಾಗಿರುತ್ತವೆ. ಗುತ್ತಿಗೆ ಮಾತಾಡುವಾಗಲೇ ಸಂಜೆ ಕೀಳುವ ಕೆಲಸವನ್ನೂ ಸೇರಿಸಿ ಮಾತಾಡಿ.

ಅದ್ದಿದ ಸಸಿಯನ್ನು ಬಿಸಿಲಿಗೆ ಹರಡಬೇಡಿ. ಸಾಗಿಸುವಾಗ ಒದ್ದೆ ಗೋಣಿಚೀಲ ಮುಚ್ಚಿ. ಉಳಿದ ನೀರನ್ನು ಗದ್ದೆಗೇ ಚೆಲ್ಲಿ. ಇದೇ ನೀರಿಗೆ ಕ್ಲೋರೋಪೈರಿಫಾಸ್ ಕೀಟನಾಶಕ ಬೆರೆಸಿ "ಎರಡೂ ಕೆಲಸ ಒಟ್ಟಿಗೆ ಆಗಲಿ" ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಯಂತ್ರದಿಂದ ನಾಟಿ ಮಾಡಿಸುವವರು ಟ್ರೇಗಳ ಮೇಲೆ ಹಿಂದಿನ ಸಂಜೆ ಇದೇ ನೀರನ್ನು ಚಿಮುಕಿಸಿದರೆ ಸಾಕು.

ಹಂತ 5: ತಿಪ್ಪೆಗೊಬ್ಬರದ ಜೊತೆ ಹೊಲಕ್ಕೆ

ನಾಟಿಗೆ ಒಂದೆರಡು ದಿನ ಇರುವಾಗಲೇ ಇದರ ತಯಾರಿ ಶುರು ಮಾಡಿ. ನೂರು ಕೆ.ಜಿ. ತಿಪ್ಪೆಗೊಬ್ಬರವನ್ನು ಪುಡಿ ಮಾಡಿ ನೆರಳಿನಲ್ಲಿ ಗುಡ್ಡೆ ಹಾಕಿ. ಗುಡ್ಡೆಯೊಳಗೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಇನ್ನೂ ಕಳಿತಿಲ್ಲ ಎಂದರ್ಥ, ಅಂಥ ಗೊಬ್ಬರಕ್ಕೆ ಬೆರೆಸಿದರೆ ಜೀವಾಣು ಬೇಯುತ್ತದೆ. ತಣ್ಣಗಿದ್ದರೆ ಎರಡೆರಡು ಕೆ.ಜಿ. ಅಜೋಸ್ಪಿರಿಲಂ, ಪಿ.ಎಸ್.ಬಿ. ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು. ಆ ಹದಕ್ಕೆ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಮುಚ್ಚಿ. ಒಂದು ವಾರದಲ್ಲಿ ಜೀವಾಣು ಚೆನ್ನಾಗಿ ಹೆಚ್ಚುತ್ತದೆ. ನಡುವೆ ಒಂದು ಸಲ ತಿರುವಿ ಹಾಕಿ.

ಇದನ್ನು ನಾಟಿಯಾದ 8ರಿಂದ 10ನೇ ದಿನ ಹೊಲಕ್ಕೆ ಎರಚಿ. ಕೊನೆಯ ಕೆಸರು ಹೊಡೆತದ ದಿನವೇ ಹಾಕಬಹುದು ಎಂದು ಕೆಲವು ಕಡೆ ಬರೆದಿರುತ್ತಾರೆ, ಅದೂ ಸರಿಯೇ. ಆದರೆ ನಮ್ಮಲ್ಲಿ ಕೆಸರು ಮಾಡುವಾಗಲೇ ಡಿ.ಎ.ಪಿ. ಬೀಳುತ್ತದೆ. ನಾಟಿಯಾದ ಮೂರು ದಿನದೊಳಗೆ ಪ್ರೆಟಿಲಾಕ್ಲೋರ್ ಅಥವಾ ಬ್ಯೂಟಾಕ್ಲೋರ್ ಕಳೆನಾಶಕವೂ ಬೀಳುತ್ತದೆ. ಅವೆರಡರ ಬಿಸಿ ಇಳಿದ ಮೇಲೆ ಹಾಕುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಎರಚುವ ದಿನ ನೀರು ತೆಳ್ಳಗೆ, ಒಂದೆರಡು ಬೆರಳಿನಷ್ಟು ಇರಲಿ. ಎರಡು ಮೂರು ದಿನ ಮಡಿಯ ನೀರು ಹೊರಗೆ ಹರಿಯಲು ಬಿಡಬೇಡಿ.

ಜೀವಾಣು ತಿಂದು ಬದುಕುವುದು ಮಣ್ಣಿನ ಸಾವಯವ ಅಂಶವನ್ನೇ. ಹತ್ತು ವರ್ಷದಿಂದ ಒಂದು ಬಂಡಿ ತಿಪ್ಪೆಗೊಬ್ಬರ ಕಾಣದ ಹೊಲಕ್ಕೆ ಎಷ್ಟು ಪೊಟ್ಟಣ ಹಾಕಿದರೂ ನಿಲ್ಲುವುದು ಕಷ್ಟ. ಎಕರೆಗೆ ನಾಲ್ಕು ಟನ್ ತಿಪ್ಪೆಗೊಬ್ಬರ ಎಲ್ಲಿಂದ ತರೋಣ ಎಂದರೆ, ಕಾಲುವೆ ನೀರು ಬರುವ ಮೊದಲೇ ಮಳೆಗೆ ಡೈಂಚಾ ಎಂಬ ಹಸಿರೆಲೆ ಗೊಬ್ಬರದ ಬೆಳೆಯನ್ನು ಚೆಲ್ಲಿ. ಎಕರೆಗೆ 10ರಿಂದ 12 ಕೆ.ಜಿ. ಬೀಜ. ಹೂವಾಡುವ ಹೊತ್ತಿಗೆ ಮಣ್ಣಿಗೆ ಉತ್ತುಬಿಡಿ.

ಹಂತ 6: ನೀಲಿ ಹಸಿರು ಪಾಚಿ ಅಥವಾ ಅಜೋಲ್ಲಾ

ಇದು ಎಲ್ಲರಿಗೂ ಅಲ್ಲ. ಗದ್ದೆಯಲ್ಲಿ ಎರಡು ಮೂರು ವಾರ ಬಿಡದೆ ನೀರು ನಿಲ್ಲಿಸಬಲ್ಲವರಿಗೆ ಮಾತ್ರ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ವಾರಬಂದಿ ನಡೆಯುವಾಗ, ಅಂದರೆ ಪಾಳಿಯ ಮೇಲೆ ನೀರು ಬಿಡುವಾಗ, ಕಾಲುವೆಯ ತುದಿಯ ಹೊಲಗಳು ಒಣಗುತ್ತವೆ. ಅಲ್ಲಿ ಅಜೋಲ್ಲಾ ಹಾಕಿದರೆ ವಾರದಲ್ಲೇ ಸುಟ್ಟ ಕಾಗದದಂತೆ ಅಂಟಿಕೊಂಡು ಸಾಯುತ್ತದೆ. ಬೋರ್ ಇದ್ದವರು, ಕೃಷ್ಣಾ ಭೀಮಾ ದಂಡೆಯಲ್ಲಿ ಮೋಟರ್ ಇಟ್ಟವರು ಪ್ರಯತ್ನಿಸಬಹುದು.

ಭತ್ತದ ಗದ್ದೆ ಗೊಬ್ಬರವಿಲ್ಲದೆಯೂ ವರ್ಷ ವರ್ಷ ಒಂದಿಷ್ಟು ಬೆಳೆ ಕೊಡುತ್ತಲೇ ಇರುವುದರ ಗುಟ್ಟು ನೀರಿನ ಮೇಲಿನ ಪಾಚಿಯಲ್ಲಿದೆ ಎಂದು ಪಿ.ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. 1950ರಲ್ಲಿ ಆರ್.ಎನ್. ಸಿಂಗ್ ಅವರು ಉತ್ತರ ಭಾರತದ ಚೌಳು ಭೂಮಿಯನ್ನು ಸುಧಾರಿಸಲು ಇದೇ ಪಾಚಿ ನೆರವಾಗುತ್ತದೆ ಎಂದು ಬರೆದರು. ಈ ಪಾಚಿಗೆ ಹುಳಿ ಮಣ್ಣು ಆಗುವುದಿಲ್ಲ, ಕ್ಷಾರದ ಮಣ್ಣು ಇಷ್ಟ. ಹಾಗಾಗಿ ಯಾದಗಿರಿ, ಕಲಬುರಗಿಯ ಎರೆ ಭೂಮಿಗೆ ಇದು ಹೊಂದುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನವರು ಮಾತ್ರ ರಸಸಾರ, ಅಂದರೆ ಮಣ್ಣಿನ ಹುಳಿ ಕ್ಷಾರದ ಅಳತೆ, ನೋಡಿಕೊಂಡು ಮುಂದುವರಿಯಿರಿ.

ಪಾಚಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಗೇಣು ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಜರಡಿ ಹಿಡಿದ 10 ಕೆ.ಜಿ. ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ, ನಾಲ್ಕೈದು ಬೆರಳಿನಷ್ಟು ನೀರು ಬಿಡಿ. ಮಣ್ಣು ಕೂತು ನೀರು ತಿಳಿಯಾದ ಮೇಲೆ ಮೂಲ ಪಾಚಿಯ ಪುಡಿ ಉದುರಿಸಿ. ಹದಿನೈದು ಇಪ್ಪತ್ತು ದಿನದಲ್ಲಿ ದಪ್ಪ ಪದರ ಕಟ್ಟುತ್ತದೆ. ಆಗ ನೀರು ಹಾಕುವುದು ನಿಲ್ಲಿಸಿ ಒಣಗಲು ಬಿಡಿ. ಚಕ್ಕೆಯಾಗಿ ಎದ್ದ ಪಾಚಿಯನ್ನು ಕೂಡಿಸಿಡಿ. ಒಂದು ಗುಂಡಿಯಿಂದ ಒಂದು ಸಲಕ್ಕೆ ಸುಮಾರು ಒಂದೂವರೆಯಿಂದ ಎರಡು ಕೆ.ಜಿ. ಸಿಗುತ್ತದೆ. ಎಕರೆಗೆ ಬೇಕಾದದ್ದು 4 ಕೆ.ಜಿ. ಒಣಗಿದ ಪಾಚಿ ಪುಡಿ ಬ್ಯಾಕ್ಟೀರಿಯಾ ಪೊಟ್ಟಣಕ್ಕಿಂತ ಬಹಳ ದಿನ ಬಾಳುತ್ತದೆ, ಬಿಸಿಲಿಗೂ ಹೆದರುವುದಿಲ್ಲ. ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಿ.

ನಾಟಿಯಾದ 10ನೇ ದಿನದ ಸುಮಾರಿಗೆ, ಎರಡು ಬೆರಳು ನೀರು ನಿಂತಿರುವಾಗ, ಮರಳಿನ ಜೊತೆ ಬೆರೆಸಿ ಎರಚಿ. ಗದ್ದೆಯಲ್ಲಿ ಉದ್ದ ಎಳೆ ಎಳೆಯಾಗಿ ಬೆಳೆಯುವ ಹಸಿರು ಪಾಚಿ ಬೇರೆ, ಅದು ಸಾರಜನಕ ಹಿಡಿಯುವುದಿಲ್ಲ. ಅದನ್ನು ಕೊಲ್ಲಲು ಮೈಲುತುತ್ತ ಕಟ್ಟಿಬಿಡುವ ರೂಢಿ ಇದೆ. ಮೈಲುತುತ್ತ ಈ ಒಳ್ಳೆಯ ಪಾಚಿಯನ್ನೂ ಕೊಲ್ಲುತ್ತದೆ. ಎಳೆ ಪಾಚಿಯನ್ನು ಕೈಯಿಂದ ಎಳೆದು ಬದುವಿಗೆ ಹಾಕಿ.

ಅಜೋಲ್ಲಾ ನೀರಿನ ಮೇಲೆ ತೇಲುವ ಸಣ್ಣ ಜರೀಗಿಡ. ಅದರ ಎಲೆಯ ಪೊಳ್ಳಿನಲ್ಲಿ ಸಾರಜನಕ ಹಿಡಿಯುವ ಪಾಚಿ ವಾಸವಾಗಿರುತ್ತದೆ. ಒಣಗಿದ ಅಜೋಲ್ಲಾದ ತೂಕದಲ್ಲಿ ನೂರಕ್ಕೆ 3ರಿಂದ 5 ಪಾಲು ಸಾರಜನಕ. ಎಕರೆಗೆ 100 ಕೆ.ಜಿ. ಹಸಿ ಅಜೋಲ್ಲಾ ಬಿಟ್ಟರೆ, ಅನುಕೂಲ ಇದ್ದಾಗ ಮೂರರಿಂದ ಐದು ದಿನಕ್ಕೊಮ್ಮೆ ದುಪ್ಪಟ್ಟಾಗಿ ಗದ್ದೆ ತುಂಬುತ್ತದೆ. ಆಮೇಲೆ ನೀರು ಇಳಿಸಿ, ಕಳೆ ಯಂತ್ರ ಓಡಿಸಿ ಅಥವಾ ಕಾಲಿನಿಂದ ತುಳಿದು ಮಣ್ಣಿಗೆ ಸೇರಿಸಬೇಕು. ತೇಲುತ್ತಿರುವಷ್ಟು ದಿನ ಅದರ ಸಾರಜನಕ ಅದರಲ್ಲೇ ಇರುತ್ತದೆ, ನಿಮ್ಮ ಭತ್ತಕ್ಕೆ ಸಿಗುವುದಿಲ್ಲ. ಈ ತುಳಿಯುವ ಕೆಲಸ ಬಿಟ್ಟವರೇ ಜಾಸ್ತಿ.

ನೂರು ಕೆ.ಜಿ. ಎಲ್ಲಿಂದ ಬರಬೇಕು? ಎಮ್ಮೆಗೆ ಹಾಕಲು ಮಾಡುವ ಸಣ್ಣ ಗುಂಡಿಯಲ್ಲಿ ದಿನಕ್ಕೆ ಅರ್ಧ ಕೆ.ಜಿ. ಸಿಕ್ಕರೆ ಹೆಚ್ಚು. ಅದು ಬಿತ್ತನೆಗೆ ಮೂಲ ಅಷ್ಟೇ. ನಾಟಿಗೆ ಒಂದು ತಿಂಗಳ ಮೊದಲು ಸಸಿಮಡಿಯ ಪಕ್ಕದಲ್ಲಿ ಒಂದೆರಡು ಗುಂಟೆಗೆ ನೀರು ನಿಲ್ಲಿಸಿ, ಸಗಣಿ ರಾಡಿ ಮತ್ತು ಸ್ವಲ್ಪ ಸೂಪರ್ ಫಾಸ್ಫೇಟ್ ಹಾಕಿ ಬೆಳೆಸಿ. ಎಲೆ ಕೆಂಪಗಾದರೆ ರಂಜಕ ಸಾಲದು ಅಥವಾ ಬಿಸಿಲು ಜಾಸ್ತಿ ಆಗಿದೆ. ಮುಂಗಾರಿನ ಬೆಳೆಗೆ ಇದು ಸರಿ. ಬೇಸಿಗೆ ಭತ್ತದಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಬಿಸಿಲಿಗೆ ಅಜೋಲ್ಲಾ ತಡೆಯುವುದಿಲ್ಲ. ಉಪ್ಪು ನೀರಿನ ಬೋರ್ ಇದ್ದರೂ ಬೇಡ.

ಹಂತ 7: ಯೂರಿಯಾ ಕಡಿಮೆ ಮಾಡುವುದು

ಎಲ್ಲ ಹಂತ ಸರಿಯಾಗಿ ಮಾಡಿ ಇಲ್ಲಿ ಎಡವುವವರು ಬಹಳ ಜನ. ಗಾಳಿಯಿಂದ ಸಾರಜನಕ ಹಿಡಿಯುವುದು ಜೀವಾಣುವಿಗೆ ತುಂಬಾ ಶ್ರಮದ ಕೆಲಸ. ಸುತ್ತ ಯೂರಿಯಾ ಕರಗಿ ಸಾರಜನಕ ಸುಲಭವಾಗಿ ಸಿಗುತ್ತಿದ್ದರೆ ಅದು ಆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಅಂದರೆ ಪೂರ್ತಿ ಯೂರಿಯಾ ಹಾಕಿ ಮೇಲೆ ಅಜೋಸ್ಪಿರಿಲಂ ಹಾಕಿದರೆ, ಆ ದುಡ್ಡಿನ ಬಹುಪಾಲು ವ್ಯರ್ಥ.

ಒಂದು ಲೆಕ್ಕ ನೋಡೋಣ. ನಿಮ್ಮ ಮಣ್ಣಿನ ಚೀಟಿ ಎಕರೆಗೆ 60 ಕೆ.ಜಿ. ಸಾರಜನಕ, 30 ಕೆ.ಜಿ. ರಂಜಕ ಹೇಳಿದೆ ಎಂದುಕೊಳ್ಳಿ. ರಂಜಕಕ್ಕೆ 65 ಕೆ.ಜಿ. ಡಿ.ಎ.ಪಿ. ಹಾಕಿದರೆ ಅದರಲ್ಲೇ ಸುಮಾರು 12 ಕೆ.ಜಿ. ಸಾರಜನಕ ಬರುತ್ತದೆ. ಉಳಿದ 48 ಕೆ.ಜಿ.ಗೆ ಯೂರಿಯಾ ಸುಮಾರು 105 ಕೆ.ಜಿ. ಈಗಿನ 45 ಕೆ.ಜಿ. ಚೀಲದ ಲೆಕ್ಕದಲ್ಲಿ ಎರಡೂ ಕಾಲು ಚೀಲ. ಜೀವಾಣು ಗೊಬ್ಬರ ಹಾಕಿದವರು ಒಟ್ಟು ಸಾರಜನಕದಲ್ಲಿ ಕಾಲು ಭಾಗ, ಅಂದರೆ 15 ಕೆ.ಜಿ. ಕಡಿಮೆ ಮಾಡಬಹುದು. ಆಗ ಯೂರಿಯಾ 72 ಕೆ.ಜಿ.ಗೆ ಇಳಿಯುತ್ತದೆ. ಒಂದೂವರೆ ಚೀಲಕ್ಕಿಂತ ಸ್ವಲ್ಪ ಜಾಸ್ತಿ.

ನಮ್ಮ ಭಾಗದಲ್ಲಿ ಎಕರೆಗೆ ನಾಲ್ಕು ಚೀಲ ಸುರಿಯುವವರೂ ಇದ್ದಾರೆ. ಅಂಥವರು ಮೊದಲು ಶಿಫಾರಸಿನ ಮಟ್ಟಕ್ಕೆ ಇಳಿಯಲಿ, ಆಮೇಲೆ ಕಾಲು ಭಾಗದ ಮಾತು. ಯೂರಿಯಾ ಜಾಸ್ತಿಯಾದ ಗದ್ದೆಗೇ ಬೆಂಕಿ ರೋಗ, ಕಂದು ಜಿಗಿಹುಳ ಮೊದಲು ಬರುತ್ತವೆ. ಅದಕ್ಕೆ ಹೊಡೆಯುವ ಔಷಧದ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಡಿತ ಎಲ್ಲಿ ಮಾಡಬೇಕು? ಕೆಸರಿನಲ್ಲಿ ಹಾಕುವ ಮೊದಲ ಕಂತಿನಲ್ಲಿ ಮತ್ತು ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುವಾಗಿನ ಕಂತಿನಲ್ಲಿ. ತೆನೆ ಮೂಡುವ ಹೊತ್ತಿನ ಕೊನೆಯ ಕಂತನ್ನು ಮುಟ್ಟಬೇಡಿ, ಆಗ ಗಿಡಕ್ಕೆ ಹಸಿವು ಜಾಸ್ತಿ. ಮೇಲುಗೊಬ್ಬರ ಕೊಡುವಾಗ ನೀರು ಇಳಿಸಿ, ಕೆಸರಿಗೆ ಹಾಕಿ, ಮರುದಿನ ನೀರು ಕಟ್ಟಿ. ಪಾಚಿ ಬೆಳೆದ ನಿಂತ ನೀರಿಗೆ ಯೂರಿಯಾ ಎರಚಲೇಬೇಡಿ. ಹಗಲಲ್ಲಿ ಪಾಚಿಯಿಂದ ನೀರಿನ ಕ್ಷಾರ ಏರುತ್ತದೆ, ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ಡಿ.ಎ.ಪಿ.ಯನ್ನು ಮೊದಲ ವರ್ಷ ಕಡಿಮೆ ಮಾಡಬೇಡಿ. ಚೀಟಿಯಲ್ಲಿ ರಂಜಕ "ಹೆಚ್ಚು" ಎಂದು ಬಂದರೆ ಮಾತ್ರ ಕಾಲು ಭಾಗ ಇಳಿಸಿ. ಸತುವಿನ ವಿಷಯದಲ್ಲಿ ಇನ್ನೂ ಹುಷಾರು. ನಮ್ಮ ಎರೆ ಭೂಮಿಯಲ್ಲಿ ಸತುವಿನ ಕೊರತೆ ಸಾಮಾನ್ಯ. ನಾಟಿಯಾದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕಿ ಬಂದು ಬೆಳೆ ಕುಗ್ಗುತ್ತದೆ. ಸತು ಕರಗಿಸುವ ಬ್ಯಾಕ್ಟೀರಿಯಾ ಮಾರುಕಟ್ಟೆಯಲ್ಲಿದೆ, ಆದರೆ ಕೊರತೆ ಇರುವ ಹೊಲಕ್ಕೆ ಅದನ್ನೇ ನಂಬಬೇಡಿ. ಎಕರೆಗೆ 8ರಿಂದ 10 ಕೆ.ಜಿ. ಸತುವಿನ ಸಲ್ಫೇಟ್ ಹಾಕಿ, ಡಿ.ಎ.ಪಿ. ಜೊತೆ ಬೆರೆಸದೆ ಬೇರೆಯಾಗಿ.

ಫರಕ್ ಕಾಣಬೇಕಾದರೆ

ಒಂದು ಮಡಿ ಬಿಟ್ಟು ನೋಡಿ. ಉಳಿದ ಹೊಲದ ಹಾಗೆಯೇ ಯೂರಿಯಾ ಕಾಲು ಭಾಗ ಕಡಿಮೆ, ಆದರೆ ಜೀವಾಣು ಗೊಬ್ಬರ ಇಲ್ಲ. ಮೇಲಿನ ಮಡಿಯ ನೀರು ಇದಕ್ಕೆ ಹರಿಯಬಾರದು. ನಾಟಿಯಾದ 25, 30ನೇ ದಿನ ಎರಡೂ ಕಡೆ ನಾಲ್ಕಾರು ಗಿಡ ಕಿತ್ತು ಬೇರು ತೊಳೆದು ನೋಡಿ. ಎಲೆಯ ಬಣ್ಣದಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಬಿಳಿ ಹೊಸ ಬೇರು ಎಷ್ಟಿದೆ, ಬುಡಕ್ಕೆ ಎಷ್ಟು ತೆಂಡೆ ಇದೆ, ಅದನ್ನು ಎಣಿಸಿ. ಕೊಯ್ಲಿನಲ್ಲಿ ಎರಡೂ ಮಡಿಯ ನೆಲ್ಲನ್ನು ಬೇರೆ ಬೇರೆ ತೂಗಿ. ಇಳುವರಿ ಇದ್ದಕ್ಕಿದ್ದಂತೆ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಗೊಬ್ಬರ ಕಡಿಮೆಯಾಗಿಯೂ ಇಳುವರಿ ಇಳಿಯದಿದ್ದರೆ ಅದೇ ಲಾಭ.

ಸವಳು ಹೊಲದವರಿಗೆ, ಕೂರಿಗೆ ಭತ್ತದವರಿಗೆ

ಕಾಲುವೆ ನೀರು ನಿಂತು ನಿಂತು ಸವಳಾದ ಹೊಲದಲ್ಲಿ ಪೊಟ್ಟಣದಿಂದ ಶುರು ಮಾಡಬೇಡಿ. ಮೊದಲು ಬಸಿಗಾಲುವೆ, ಆಮೇಲೆ ಡೈಂಚಾ, ಚೀಟಿಯಲ್ಲಿ ಹೇಳಿದ್ದರೆ ಜಿಪ್ಸಂ. ಬಿಳಿ ಪುಡಿ ಏಳುವ ಮಣ್ಣಿನಲ್ಲಿ ಅಜೋಸ್ಪಿರಿಲಂ ಬಾಳುವುದು ಕಷ್ಟ. ನೀಲಿ ಹಸಿರು ಪಾಚಿ ಮಾತ್ರ ಅಂಥ ಕಡೆಯೂ ಹಿಡಿಯಬಹುದು.

ಕೂರಿಗೆಯಲ್ಲಿ ಭತ್ತ ಬಿತ್ತುವವರಿಗೆ ಬೇರು ಅದ್ದುವ ಹಂತವೇ ಇಲ್ಲ. ಹಾಗಾಗಿ ಬೀಜೋಪಚಾರ ಮತ್ತು ತಿಪ್ಪೆಗೊಬ್ಬರ, ಎರಡನ್ನೂ ಬಿಡದೆ ಮಾಡಿ. ಒಣ ಬೀಜಕ್ಕೆ ಬೆಲ್ಲದ ಪಾಕ ಕಡಿಮೆ ಸಾಕು, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ತಿಪ್ಪೆಗೊಬ್ಬರವನ್ನು ಬಿತ್ತುವ ಮುಂಚೆ ಹಸಿ ಇರುವ ಮಣ್ಣಿಗೆ ಸೇರಿಸಿ. ಇಲ್ಲಿ ಮಣ್ಣಿಗೆ ಗಾಳಿ ಸಿಗುವುದರಿಂದ ಅಜಟೋಬ್ಯಾಕ್ಟರ್ ಕೂಡ ನಡೆಯುತ್ತದೆ. ಬೇರಿಗೆ ಹತ್ತಿ ದೂರದ ರಂಜಕ ಎಳೆದುಕೊಡುವ ಮೈಕೊರೈಜಾ ಎಂಬ ಶಿಲೀಂಧ್ರವೂ ನೀರು ನಿಲ್ಲದ ಇಂಥ ಹೊಲದಲ್ಲೇ ಚೆನ್ನಾಗಿ ಬೆಳೆಯುತ್ತದೆ. ಕೆಸರು ಗದ್ದೆಯವರು ಅದಕ್ಕೆ ದುಡ್ಡು ಹಾಕಬೇಕಿಲ್ಲ.

ಕೊಯ್ಲಾದ ಮೇಲೆ ಹುಲ್ಲು, ಕೂಳೆಗೆ ಬೆಂಕಿ ಇಡಬೇಡಿ. ಮೇಲ್ಮಣ್ಣಿನ ಜೀವಾಣುವಿನ ಜೊತೆ ಅದರ ಆಹಾರವೂ ಸುಡುತ್ತದೆ. ಯಂತ್ರ ಕೊಯ್ದು ಬಿಟ್ಟ ಕೂಳೆಯನ್ನು ತೇವ ಇರುವಾಗಲೇ ಉತ್ತುಬಿಡಿ. ಮುಂದಿನ ನಾಟಿಗೆ ಮೂರು ವಾರವಾದರೂ ಅಂತರ ಇರಲಿ, ಇಲ್ಲದಿದ್ದರೆ ಕೊಳೆಯುವ ಹುಲ್ಲೇ ಎಳೆ ಸಸಿಯ ಸಾರಜನಕ ಎಳೆದುಕೊಂಡು ಪೈರು ಹಳದಿಯಾಗುತ್ತದೆ.